ಥಂಡಾಯಿಗೆ ಬಿದ್ದ ಎರಡು ಶೀಷೆ

ಸಿಂದಗಿಗೆ ಬಂದು ಪೆಟ್ಟಿಗೆಯ ಹಗ್ಗ ಬಿಚ್ಚುವ ಮೊದಲೇ, ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡ ಆಳೊಬ್ಬ ಬಾಗಿಲಿಗೆ ಅಡ್ಡ ನಿಂತು, "ಅಕ್ಕೋರ, ಉಂಡ್ರೇನು?" ಎಂದು ಗದರಿದ. ಹೆದರಿ "ಆಯ್ತು" ಎಂದೆ. ಆತ ನನ್ನ ಮುಖವನ್ನೊಮ್ಮೆ ನೋಡಿ, "ಸುಳ್ಳ ಹೇಳ್ತೀರಿ" ಎಂದವನೇ ಒಳಗಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟ. ನಮ್ಮ ಮೈಸೂರಿನಲ್ಲಿ "ಊಟ ಆಯ್ತಾ?" ಎಂದರೆ ನಮಸ್ಕಾರ ಎಂದಷ್ಟೇ ಅರ್ಥ, ನೀವು ಉತ್ತರ ಕೊಡುವ ಹೊತ್ತಿಗೆ ಕೇಳಿದವರು ತಿರುವು ದಾಟಿರುತ್ತಾರೆ. ಇಲ್ಲಿ ಅದು ಪೊಲೀಸ್ ವಿಚಾರಣೆ.

ಆತ ಮಲ್ಲಪ್ಪ, ನನ್ನ ಮನೆ ಮಾಲೀಕರ ಮಗ, ಪೈಲ್ವಾನ. ತಂದೆ ಓಣಿಯ ತಾಲೀಮಿನ ವಸ್ತಾದರು. ತಾಲೀಮೆಂದರೆ ನಮ್ಮ ಗರಡಿಮನೆ, ವಸ್ತಾದರೆಂದರೆ ಅಲ್ಲಿನ ಗುರುಗಳು. ತಾಯಿ ಗಂಗವ್ವ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಬಂದ ನಾನು ಅವರ ಮನೆಯ ಮುಂದಿನ ಕೋಣೆ ಹಿಡಿದಿದ್ದೆ. ಮಣ್ಣಿನ ಮಾಳಿಗೆ, ಎಂಥ ಬಿಸಿಲಿಗೂ ತಂಪು, ಆದರೆ ಆಗಾಗ ತಟ್ಟೆಗೆ ಮೇಲಿನಿಂದ ಪುಡಿ ಉದುರುತ್ತಿತ್ತು. ಅನ್ನ-ಸಾರು ನೆನೆದು ನಾನು ಕಣ್ಣೊರೆಸಿಕೊಂಡರೆ ಗಂಗವ್ವ, "ಕಣ್ಣಾಗ ಮಣ್ಣ ಬಿತ್ತೇನ್ರಿ?" ಎಂದು ಓಡಿ ಬಂದು ಊದುತ್ತಿದ್ದರು. "ಹೌದ್ರಿ" ಎನ್ನುತ್ತಿದ್ದೆ. ಅವರ ಭಾಷೆಯಲ್ಲಿ ನಾನು ಮೊದಲು ಕಲಿತ ಮಾತು ಅದೇ.

ಆ ಬೇಸಿಗೆ ಮಲ್ಲಪ್ಪನ ಬಲಭುಜ ತಿರುಚಿತು. ನೆರೆಯ ಇಂಡಿ ಪಟ್ಟಣದ ಕುಸ್ತಿ ಹತ್ತಿರದಲ್ಲಿತ್ತು. ಹಿಂದಿನ ವರ್ಷ ತನ್ನನ್ನು ಚಿತ್ ಮಾಡಿದ ಬಾಗೇವಾಡಿಯ ಪೈಲ್ವಾನನನ್ನು ಅಲ್ಲಿ ಕೆಡವಲೇಬೇಕೆಂದು ಆತ ಕುದಿಯುತ್ತಿದ್ದ. ಪುಣೆಯ ಜಿಮ್ಮಿನ ಗೆಳೆಯನೊಬ್ಬ ಎರಡು ಪುಟ್ಟ ಶೀಷೆ ಕಳಿಸಿದ. ಎರಡರಲ್ಲೂ ಬಿಳಿ ಪುಡಿ. ಅವನ್ನು ನನ್ನ ಮೇಜಿನ ಮೇಲಿಟ್ಟು, "ಯಾವುದು ಜೋರ ಐತಿ, ಅಷ್ಟ ನೋಡಿ ಹೇಳ್ರಿ" ಎಂದ.

ಶೀಷೆಗಳ ಮೇಲಿನ ಹೆಸರು ಬರೆದುಕೊಂಡು ಹೋಗಿ ಸೈಬರ್ ಕೆಫೆಯಲ್ಲಿ ಕುಳಿತು ಓದಿ ಬಂದೆ. ಎರಡೂ ಪೆಪ್ಟೈಡುಗಳು, ಅಂದರೆ ಪ್ರೋಟೀನಿನದೇ ಚಿಕ್ಕ ಸರಗಳು. ಒಂದು ಬಿಪಿಸಿ-157, ಅದರಿಂದ ಇಲಿಗಳ ಹರಿದ ಸ್ನಾಯುರಜ್ಜು ಬೇಗ ಕೂಡಿತೆಂದು ಬರೆದಿದ್ದರು. ಇನ್ನೊಂದು ಥೈಮೋಸಿನ್ ಬೀಟಾ-4. ಅದು ಗಾಯವಾದಲ್ಲಿಗೆ ಜೀವಕೋಶಗಳು ಸರಿದುಬರಲು ನೆರವಾಗುತ್ತದಂತೆ, ಅದೂ ಹೆಚ್ಚಾಗಿ ಇಲಿಗಳಲ್ಲೇ. ಮನುಷ್ಯರ ಭುಜದ ಮಾತು ಎರಡರಲ್ಲೂ ಇಲ್ಲ. ಶೀಷೆಯ ಮೇಲೇ 'ಮನುಷ್ಯರ ಬಳಕೆಗಲ್ಲ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಒಳಗೆ ಅದೇ ಪುಡಿ ಇದೆಯೆನ್ನಲೂ ಆಧಾರವಿರಲಿಲ್ಲ.

"ಎರಡೂ ಬೇಡ ಮಲ್ಲಪ್ಪ. ನೀವೇನು ಇಲಿಯೇ?"

"ಬ್ಯಾಡ ಅನ್ನಾಕ ಎಮ್ಮೆಸ್ಸಿ ಯಾಕ ಬೇಕ್ರಿ? ಅದನ್ನ ನಮ್ಮವ್ವಾನೂ ಹೇಳ್ತಾಳ. ನಾಳೆ ಕಂಪೌಂಡರ ಬರ್ತಾನ, ಎರಡೂ ಚುಚ್ಚಿಸ್ಕೋತೇನಿ."

ರಟ್ಟೆ ಎಷ್ಟು ದಪ್ಪವಿದ್ದರೇನು, ಜೀವ ಒಂದೇ ತಾನೇ? ಗಂಗವ್ವನ ಕಿವಿಗೆ ಹಾಕಿದೆ. ಅವರು ವಸ್ತಾದರಿಗೆ ಹೇಳಿದರು. ವಸ್ತಾದರು ನನ್ನನ್ನು ಕರೆದು, "ಏನೈತ್ರಿ ಅದರಾಗ?" ಎಂದರು.

"ಬೇಳೆ, ಹಾಲಿನಲ್ಲಿರುವ ಪ್ರೋಟೀನಿನಂಥದ್ದೇ ತುಂಡುಗಳು, ಆದರೆ..."

"ಅಂದ್ರ ಖುರಾಕ" ಎಂದು ಎದ್ದೇಬಿಟ್ಟರು. ಖುರಾಕೆಂದರೆ ಪೈಲ್ವಾನರ ಪುಷ್ಟಿಯ ಆಹಾರ. ನನ್ನ 'ಆದರೆ' ಅಲ್ಲೇ ಉಳಿಯಿತು.

ಮರುದಿನ ಕಾಲೇಜಿನಿಂದ ಬಂದಾಗ ತಾಲೀಮಿನವರೆಲ್ಲ ಅಂಗಳದಲ್ಲಿ ಥಂಡಾಯಿ ಕುಡಿಯುತ್ತಿದ್ದರು. ಗಂಗವ್ವ ಬಾದಾಮಿ ಅರೆದು ಹಾಲಿಗೆ ಕಲಸಿದ ಆ ಪಾನಕ ನನಗೆ ಪ್ರಾಣ. ನನ್ನ ಕೈಗೂ ಒಂದು ಲೋಟ ಬಂತು. ಗಟಗಟನೆ ಕುಡಿದು ಬಾಯಿ ಒರೆಸಿಕೊಂಡು, "ಆ ಶೀಷೆಗಳೆಲ್ಲಿ?" ಎಂದೆ.

"ಈಗ ಕುಡದ್ರೆಲ್ಲಾ, ಅದ" ಎಂದರು ವಸ್ತಾದರು. "ತಾಲೀಮಿನ್ಯಾಗ ಒಬ್ಬಾಂವ ತಿನ್ನೂ ಖುರಾಕ ಇಲ್ರಿ. ಎಲ್ಲಾರಿಗೂ ಸರೀ ಪಾಲು."

ಕೋಣೆಗೆ ಓಡಿ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡೆ, ನಾಡಿ ಹಿಡಿದುಕೊಂಡೆ. ಹೊರಗೆ ಒಬ್ಬನ ಮೊಣಕಾಲು ಆಗಲೇ ಹಗುರಾಗಿತ್ತು, ಇನ್ನೊಬ್ಬನ ಹಲ್ಲುನೋವು ಹೋಗಿತ್ತು. ಕಂಪೌಂಡರನೂ ಬಂದು ತನ್ನ ಪಾಲಿನ ಲೋಟ ಮುಗಿಸಿಕೊಂಡು ಹೋದ. ಎರಡರ ಹೋಲಿಕೆ ಅಲ್ಲಿಗೆ ಮಣ್ಣುಪಾಲಾಯಿತು.

ಮಲ್ಲಪ್ಪ ಖಾಲಿ ಶೀಷೆ ಹಿಡಿದು ಕುಳಿತಿದ್ದ. "ಔಷಧ ಕುಡದ ಮ್ಯಾಲ ಪಥ್ಯ ಹಿಡೀಬೇಕು. ಭುಜ ಮಾಯೂತನಾ ಮಣ್ಣಿಗೆ ಇಳೀಬ್ಯಾಡ" ಎಂದರು ವಸ್ತಾದರು. ಈ ಊರಿನಲ್ಲಿ ವಸ್ತಾದರ ಮಾತಿಗೆ ಮೇಲ್ಮನವಿಯಿಲ್ಲ. ಇಂಡಿಯ ಕುಸ್ತಿ ಅವನಿಲ್ಲದೆ ಮುಗಿಯಿತು.

ಅದಾದ ಮೇಲೆ, ಶೀಷೆಯ ವಿಷಯ ಹೇಳಿಕೊಟ್ಟವಳು ನಾನೇ ಎಂಬ ಸಿಟ್ಟಿಗೆ ಮಲ್ಲಪ್ಪ ನನ್ನ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗತೊಡಗಿದ. "ಉಂಡ್ರೇನು?" ಎನ್ನಲಿಲ್ಲ. ಊರು ಬಿಟ್ಟು ಬಂದದ್ದಕ್ಕಿಂತ ಆ ಮೌನವೇ ನನ್ನನ್ನು ಹೆಚ್ಚು ಅಳಿಸಿತು. ನೆಪ ಹೇಳಲು ಮಾಳಿಗೆಯ ಮೇಲೆ ಅಷ್ಟು ಮಣ್ಣಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದಿನ ಬಾಗಿಲು ಕತ್ತಲಾಯಿತು. ಮಲ್ಲಪ್ಪ ಬಲಗೈಯಲ್ಲಿ ತುಂಬಿದ ಕೊಡ ಎತ್ತಿ ಹಿಡಿದು ನಿಂತಿದ್ದ.

"ಔಷಧ ಛಲೋ ಇತ್ರಿ ಅಕ್ಕೋರ. ಯಾವ ಶೀಷೆದು ಅಂತನ ತಿಳೀಲಿಲ್ಲ."

ವಾಸಿ ಮಾಡಿದ್ದು ವಿಶ್ರಾಂತಿಯಿರಬೇಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆತ, "ಉಂಡ್ರೇನು?" ಎಂದು ಗದರಿದ.

"ಇಲ್ರಿ, ಉಂಡಿಲ್ಲ" ಎಂದೆ, ಹೊಟ್ಟೆ ತುಂಬಿದ್ದರೂ.

ಮೊನ್ನೆ ದಸರಾ ರಜೆಗೆ ಮೈಸೂರಿಗೆ ಬಂದೆ. ಅಮ್ಮ ಬಡಿಸಿದ ಅನ್ನ-ಸಾರಿಗೆ ಶೇಂಗಾ ಚಟ್ನಿ ಕೇಳಿ ಬೈಸಿಕೊಂಡೆ. ಸಂಜೆ ಗೇಟಿನ ಬಳಿ ನಿಂತಿದ್ದಾಗ ಎದುರು ಮನೆಯವರು ಹೋಗುತ್ತ, "ಊಟ ಆಯ್ತಾ?" ಎಂದರು.

"ಇನ್ನೂ ಇಲ್ರಿ" ಎಂದು, ಅವರ ಮನೆಗೆ ಹೊರಡುವವಳಂತೆ ಚಪ್ಪಲಿ ಮೆಟ್ಟಿಕೊಂಡೆ. ತಲೆಯೆತ್ತಿ ನೋಡಿದರೆ, ಅವರು ತಿರುವು ದಾಟಿಯಾಗಿತ್ತು.