ಸರ್ವರ್ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆ

ನನ್ನ ಬಾಗಿಲ ಮೇಲೆ ‘ಮುಖ್ಯ ಮಾಹಿತಿ ಅಧಿಕಾರಿ’ ಎಂಬ ಹಿತ್ತಾಳೆಯ ಫಲಕವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳಲ್ಲಿ ಆಸ್ಪತ್ರೆ ನಡೆಸುವ ದೊಡ್ಡ ಸಂಸ್ಥೆ ನಮ್ಮದು. ಅಷ್ಟೂ ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆಗೆ ನಾನೇ ಯಜಮಾನಿ ಎಂದು ಆ ಫಲಕದ ಅರ್ಥ. ಆ ಅರ್ಥ ಫಲಕಕ್ಕೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ನಾನು ‘ಕಂಪ್ಯೂಟರ್ ಅಕ್ಕಾರು’. ನಿರ್ದೇಶಕರೊಬ್ಬರ ಮನೆಯ ಟಿವಿ ನಿಂತರೆ ನನಗೆ ಫೋನು. ಇನ್ನೊಬ್ಬರ ಅಳಿಯನ ಮೊಬೈಲಿನಿಂದ ಮದುವೆಯ ಫೋಟೊ ಅಳಿಸಿಹೋದರೆ ನನಗೆ ಫೋನು. ಒಬ್ಬ ಮಹಾನುಭಾವರಂತೂ ಹೊಲದ ಬೋರ್‌ವೆಲ್ಲಿನ ಸ್ಟಾರ್ಟರ್ ನೋಡಲು ಕರೆದರು. ನನಗೆ ಅದು ಬರುವುದಿಲ್ಲ ಎಂದೆ. “ಅದಕ್ಕೂ ಬಟನ್ ಅದಾವು, ಇದಕ್ಕೂ ಬಟನ್ ಅದಾವು. ಏನ್ ಫರಕ್ರಿ ಅಕ್ಕಾರ?” ಎಂದರು. ತಮಾಷೆಗೆ ಹೇಳಿದ್ದಲ್ಲ, ಪಾಪ, ನಿಜವಾಗಿಯೇ ಕೇಳಿದ್ದರು.

ಇಂಥವರೇ ಕೂಡಿ ನನ್ನ ಕೆಲಸಕ್ಕೆ ಮಂಜೂರಾತಿ ಕೊಡಬೇಕು. ಆಡಳಿತ ಮಂಡಳಿಯ ಸಭೆಯೆಂದರೆ ದುಂಡು ಮೇಜು, ಮೇಜಿನ ತುಂಬ ಅವಲಕ್ಕಿ ಚೂಡಾ ತುಂಬಿದ ತಾಟುಗಳು, ತಾಟುಗಳ ಸುತ್ತ ಬಿಳಿ ಅಂಗಿಗಳು. ರೋಗಿಗಳ ದಾಖಲೆ ಎಲ್ಲೆಲ್ಲಿ ಕೂತಿದೆ, ಅದು ಕೈತಪ್ಪಿದರೆ ಏನಾಗುತ್ತದೆ ಎಂದು ನಾನು ಗಂಟಲು ಹರಿದುಕೊಂಡು ಹೇಳುತ್ತಿದ್ದರೆ ಅವರು ಚೂಡಾದೊಳಗಿನ ಶೇಂಗಾ ಆರಿಸಿ ತಿನ್ನುತ್ತಿರುತ್ತಾರೆ. ಒಮ್ಮೆ ನಾಲ್ಕಾರು ಜನ ಬೆಂಗಳೂರಿಗೆ ಯಾವುದೋ ದೊಡ್ಡ ಸಮಾವೇಶಕ್ಕೆ ಹೋಗಿ ಬಂದರು. ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿಯನ್ನು ಬಸ್ಸಿನಲ್ಲೂ ತೆಗೆದಿರಲಿಲ್ಲವಂತೆ. ಬಂದವರೇ, “ಅಕ್ಕಾರ, ನಮ್ಮಲ್ಲೂ ಎಐ ತರ್ರಿ” ಎಂದರು. ಯಾವ ಕೆಲಸಕ್ಕೆ ಎಂದು ಕೇಳಿದೆ. “ಸಿಂದಗಿಗೊಂದು, ಬಾಗೇವಾಡಿಗೊಂದು ಮೊದ್ಲ ಕೊಡ್ರಿ, ಇಲ್ಲಂದ್ರ ಅಲ್ಲಿ ಮಂದಿ ಸಿಟ್ಟಾಗ್ತಾರ” ಎಂಬ ಉತ್ತರ ಬಂತು. ನಾನು ಸಾಕಷ್ಟು ಓದಿದವಳು, ಸೊಲ್ಲಾಪುರದಲ್ಲೂ ಪುಣೆಯಲ್ಲೂ ದುಡಿದು ಬಂದವಳು. ಈ ಮಾತಿಗೆ ಏನು ಹೇಳಬೇಕೆಂದು ಎಲ್ಲಿಯೂ ಕಲಿಸಿರಲಿಲ್ಲ.

ಊರೂರುಗಳ ಈ ಹಟ ಬರೀ ನಗುವ ವಿಷಯವಲ್ಲ. ಮುಖ್ಯ ಯಂತ್ರ ಇಂಡಿಯಲ್ಲಿದೆ, ಅದು ಕೆಟ್ಟರೆ ಕೆಲಸ ನಡೆಸಲು ಇನ್ನೊಂದು ಬೇಕು ಎಂದು ಬೇಡಿ ಬೇಡಿ ಹಳೆಯದೊಂದನ್ನು ಪಡೆದೆ. ಅದು ಯಾವ ಊರಿಗೆ ಹೋಗಬೇಕು ಎಂಬುದರ ಮೇಲೆ ಜಗಳ ಹತ್ತಿತು. ಕಡೆಗೆ ಮುದ್ದೇಬಿಹಾಳದವರು ಗೆದ್ದರು. ಬಾಜಾ ಬಜಂತ್ರಿಯೊಂದನ್ನು ಬಿಟ್ಟು ಎಲ್ಲ ಮಾಡಿದರು: ಮಾಲೆ ಹಾಕಿದರು, ಕಾಯಿ ಒಡೆದರು, ಫೋಟೊ ತೆಗೆಸಿಕೊಂಡರು. ಅದಾದ ಮೇಲೆ ಅದರ ಬ್ಯಾಟರಿಗಳನ್ನು ಬಿಚ್ಚಿ ನಿರ್ದೇಶಕರೊಬ್ಬರ ಹುಟ್ಟುಹಬ್ಬದ ಮೈಕಿಗೆ ಹಚ್ಚಿದರು. ಬ್ಯಾಟರಿ ತಿರುಗಿ ಬರಲಿಲ್ಲ. ಗಾಳಿಯಾಡದ ಮೂಲೆಯಲ್ಲಿ ಆ ಯಂತ್ರ ಒಣಗಿದ ಮಾಲೆಯ ಸಮೇತ ಕೂತಿತ್ತು. ಬ್ಯಾಟರಿ ಕೊಡಿಸಿ ಎಂದು ನಾನು ಬರೆದ ಪತ್ರಗಳಿಗೆ ‘ಮುಂದ ನೋಡೂಣು’ ಎಂಬ ಒಂದೇ ಉತ್ತರ.

ಇನ್ನು ಇಂಡಿಯ ಸರ್ವರ್ ಕೋಣೆ. ಅದರೊಳಗಿನ ಯಂತ್ರಕ್ಕೆ ತಂಪು ಬೇಕು, ಹೀಗಾಗಿ ಅಲ್ಲಿ ಹಗಲೂ ರಾತ್ರಿ ಎಸಿ ನಡೆಯುತ್ತದೆ. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಿಸಿಲಲ್ಲಿ ಬಂದವರಿಗೆ ಮೊದಲು ನೀರು, ನೆರಳು ಕೊಡುವುದು ನಮ್ಮ ಮಂದಿಯ ರೂಢಿ, ಒಳ್ಳೆಯ ರೂಢಿಯೇ. ಆದರೆ ಇವರು ಬಂದ ಬೀಗರನ್ನೆಲ್ಲ ಸರ್ವರ್ ಕೋಣೆಯಲ್ಲಿ ಕೂರಿಸತೊಡಗಿದರು. ಹೊರಗೆ ಚಪ್ಪಲಿಗಳ ಸಾಲು ನೋಡಿ ಒಳಗೆ ಯಾರಿದ್ದಾರೆ ಎಂದು ನಾನು ಊಹಿಸುತ್ತಿದ್ದೆ. ಸಾಕಾಗಿ, ಬೆರಳು ಒತ್ತಿದರೆ ಮಾತ್ರ ತೆರೆಯುವ ಕೀಲಿ ಹಾಕಿಸಿದೆ. ನಾನು, ಆ ಕೋಣೆಯಲ್ಲಿ ಕೆಲಸ ಮಾಡುವ ಆಪರೇಟರ್, ಇಬ್ಬರದೇ ಬೆರಳು ಸಾಕೆಂದೆ. ಅಬ್ಬಬ್ಬಾ, ಏನು ರಂಪಾಟ! ತನ್ನ ಬೆರಳಿಗೆ ಬಾಗಿಲು ತೆರೆಯದಿದ್ದರೆ ನಿರ್ದೇಶಕನ ಮರ್ಯಾದೆ ಎಲ್ಲಿ ಉಳಿಯಿತು? ಎಲ್ಲರ ಬೆರಳನ್ನೂ ಸೇರಿಸಿಕೊಂಡದ್ದಾಯಿತು. ಆಮೇಲೆ ಅವರವರ ಮಕ್ಕಳ ಬೆರಳು, ಅಣ್ಣತಮ್ಮಂದಿರ ಬೆರಳು. ಕೊನೆಗೆ ನಿಂಬೆಯ ವ್ಯಾಪಾರಿ ಹಿರಿಯ ಸಾವುಕಾರರ ಒರಟು ಬೆರಳಿನ ಗೆರೆ ಆ ಯಂತ್ರಕ್ಕೆ ಕಾಣಲೊಲ್ಲದೆ, ಬಾಗಿಲಿಗೆ ಕಲ್ಲು ಅಡ್ಡವಿಟ್ಟು ಕಾಯಂ ತೆರೆದಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಈ ಸಾವುಕಾರರು ನಮ್ಮ ಮಂಡಳಿಯಲ್ಲೇ ಹಿರಿಯರು. ಊಟ ಮುಗಿಸಿ ಆಸ್ಪತ್ರೆಗೆ ಬರುವರು, ಅವರ ಹಿಂದೆ ಒಂದು ಗಾದಿ, ಒಂದು ಲೋಡುದಿಂಬು ಬರುವುದು. ಸರ್ವರಿನ ಮಗ್ಗುಲಲ್ಲೇ ಹಾಸಿಗೆ. ನಾನು ಅಧ್ಯಕ್ಷರಿಗೆ ದೂರಿದೆ. ಅವರು ವಕೀಲರು, ಎಲ್ಲದಕ್ಕೂ ನಿಯಮ ತೋರಿಸುವವರು. “ನಿರ್ದೇಶಕರು ಮಲಗಬಾರದು ಅಂತ ನಿಯಮದಾಗ ಎಲ್ಲೈತ್ರಿ?” ಎಂದು ಕೇಳಿ ಕೈ ತೊಳೆದುಕೊಂಡರು.

ಆ ಕೋಣೆಯ ಆಪರೇಟರ್ ಝಳಕಿಯ ಹೆಣ್ಣುಮಗಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಸೊಸೆ ಕೆಲಸಕ್ಕೆ ಹೋಗುವುದು ಅತ್ತೆಯ ಮನೆಯವರಿಗೆ ಬೇಕಾಗಿರಲಿಲ್ಲ. ಏನಾದರೂ ಒಂದು ನೆಪ ಸಿಕ್ಕರೆ ಸಾಕು, ಬಿಡಿಸಿಬಿಡಲು ಕಾದಿದ್ದರು. ಅದನ್ನು ಅವಳೇ ನನಗೆ ಹೇಳಿದ್ದಳು. “ಈ ಕುರ್ಚಿ ಒಂದ ನಂದ್ರಿ ಅಕ್ಕಾರ, ಉಳಿದದ್ದೆಲ್ಲ ಅವ್ರದು” ಎಂದಿದ್ದಳು.

ಕಡು ಬೇಸಿಗೆಯ ಒಂದು ಮಧ್ಯಾಹ್ನ ನಾಲ್ಕೂ ಊರಿನ ಪರದೆಗಳು ಒಮ್ಮೆಲೇ ನಿಂತವು. ಸಿಂದಗಿಯಿಂದ ಫೋನು: ಆಪರೇಷನ್ನಿಗೆ ಮಲಗಿಸಿದ ರೋಗಿಯ ರಕ್ತದ ವರದಿ ಕಾಣುತ್ತಿಲ್ಲ. ಬಾಗೇವಾಡಿಯಿಂದ ಫೋನು: ಔಷಧಿ ಕಿಟಕಿಯ ಮುಂದೆ ಜನ ಕೂಗಾಡುತ್ತಿದ್ದಾರೆ. ಮುದ್ದೇಬಿಹಾಳಕ್ಕೆ ನಾನೇ ಫೋನು ಮಾಡಿ ಆ ಇನ್ನೊಂದು ಯಂತ್ರ ಹಚ್ಚಿ ಎಂದೆ. “ಯಾವ್ದ್ರಿ, ಮಾಲಿ ಹಾಕಿದ್ದಾ?” ಎಂದು ಕೇಳಿದರು. ಫೋನು ಇಟ್ಟು ಸರ್ವರ್ ಕೋಣೆಗೆ ಓಡಿದೆ.

ಒಳಗೆ ಯಂತ್ರ ಕತ್ತಲಾಗಿ ಕೂತಿತ್ತು. ಸಾವುಕಾರರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವರ ತಲೆಯ ಹತ್ತಿರ ಚಹಾದ ಕಪ್ಪು, ಪಕ್ಕದಲ್ಲಿ ಆ ಹೆಣ್ಣುಮಗಳು ಬಿಳಚಿಕೊಂಡ ಮುಖದಲ್ಲಿ ನಿಂತಿದ್ದಳು. ಸಾವುಕಾರರು ಅವಳನ್ನು ಚಹಾ ತರಲು ಕ್ಯಾಂಟೀನಿಗೆ ಕಳಿಸಿದ್ದರು. ಆಕೆ ಹೋಗಿ ಬರುವಷ್ಟರಲ್ಲಿ, ಯಂತ್ರದ ಸದ್ದಿಗೆ ನಿದ್ದೆ ಹತ್ತದೆ, ತಾವೇ ಎದ್ದು ಬಟನ್ ಆರಿಸಿದ್ದರು. ಚಹಾ ಕೊಟ್ಟಾಗ ‘ನಾನ ಆರ್ಸೀನಿ’ ಎಂದು ಅವಳಿಗೆ ಹೇಳಿ, ಕುಡಿದು ಮಗ್ಗುಲಾಗಿದ್ದರು. ಹಾಗೆ ಧಡಕ್ಕನೆ ಆರಿಸಿದ ಯಂತ್ರ ಮತ್ತೆ ಏಳಲು ಹಟ ಹಿಡಿಯಿತು. ನಾವಿಬ್ಬರೂ ಅದರ ಮುಂದೆ ಕೂತು ಬೆವರಿದೆವು, ಎಸಿಯಲ್ಲೂ ಬೆವರಿದೆವು. ಸಂಜೆಗೆ ಅದು ಕಣ್ಣು ಬಿಟ್ಟಿತು. ಯಾವ ರೋಗಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ, ಅದರಲ್ಲಿ ಮಂಡಳಿಯ ಪಾಲು ಏನೂ ಇಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಮರೆಯುತ್ತಿದ್ದರು. ಆದರೆ ಸರ್ಕಾರದ ಆರೋಗ್ಯ ಯೋಜನೆಯ ಕಚೇರಿಯಿಂದ ಪ್ರಶ್ನೆ ಬಂತು: ಆ ಮಧ್ಯಾಹ್ನದ ರೋಗಿಗಳ ದಾಖಲೆ ಏಕಿಲ್ಲ? ಯಾರ ತಪ್ಪು? ನನ್ನ ಸಹಿಯೊಂದಿಗೆ ಉತ್ತರ ಹೋಗಬೇಕು. ಮಂಡಳಿಯವರು ಉತ್ತರವನ್ನು ತಾವೇ ಬರೆದು ನನ್ನ ಮುಂದಿಟ್ಟರು. ‘ಆಪರೇಟರ್ ಕರ್ತವ್ಯದ ವೇಳೆಯಲ್ಲಿ ಅನುಮತಿಯಿಲ್ಲದೆ ಜಾಗ ಬಿಟ್ಟು ಹೋಗಿದ್ದರಿಂದ ವ್ಯವಸ್ಥೆ ನಿಂತಿತು. ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ.’ ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಅಸಹ್ಯವಾಯಿತು. ಎಷ್ಟು ಸಲೀಸಾಗಿ ಬರೆದಿದ್ದರು!

ಅವಳನ್ನು ಕರೆದು, ಸಭೆಯಲ್ಲಿ ಚಹಾದ ಮಾತು ನಾನು ಹೇಳುತ್ತೇನೆ ಎಂದೆ. ಅವಳು ಕೈ ಮುಗಿದಳು.

“ಬ್ಯಾಡ್ರಿ ಅಕ್ಕಾರ. ನಮ್ಮ ಮಾವ ಸಾವ್ಕಾರ್ರ ನಿಂಬಿ ತ್ವಾಟ ನೋಡ್ಕೋತಾರ್ರಿ. ನನ್ನ ಸಲವಾಗಿ ಅವ್ರ ಕೆಲಸಾ ಹೋತು ಅಂದ್ರ ನನಗ ಆ ಮನ್ಯಾಗ ಉಳಗಾಲಿಲ್ಲ.”

“ಹೇಳಲಿಲ್ಲ ಅಂದ್ರ ನಿನ್ನ ಕೆಲಸಾ ಹೋಗ್ತೈತಲ್ಲ?”

“ಹೌದ್ರಿ” ಎಂದಳು. ಕಣ್ಣೊರೆಸಿಕೊಂಡು ತನ್ನ ಕುರ್ಚಿಗೆ ಹೋಗಿ ಕೂತಳು. ಅವಳು ಬೇಡವೆಂದ ಮೇಲೆ ಆ ಮಾತು ನಾನು ಎತ್ತುವಂತಿರಲಿಲ್ಲ. ಸಹಿ ಮಾತ್ರ ಹಾಕುವುದಿಲ್ಲ ಎಂದು ನಿಶ್ಚಯಿಸಿಕೊಂಡೆ.

ಸಭೆ ಕೂಡಿತು. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ಕುರ್ಚಿ ಕೊಡಬೇಕೆಂದು ಒಬ್ಬನಿಗೂ ಹೊಳೆಯಲಿಲ್ಲ. ಅಧ್ಯಕ್ಷರು ಪತ್ರ ಓದಿ ನನ್ನ ಕಡೆ ಪೆನ್ನು ಚಾಚಿದರು.

“ನಾ ಸಹಿ ಮಾಡಂಗಿಲ್ರಿ” ಎಂದೆ. “ಆಕಿ ಯಂತ್ರಾ ಬಂದ್ ಮಾಡಿಲ್ಲ.”

“ಮತ್ಯಾರು ಮಾಡಿದ್ರು?”

ನಾನು ಬಾಯಿ ತೆರೆಯುವ ಮೊದಲೇ ಸಾವುಕಾರರು ತಾವೇ ಹೇಳಿದರು. “ನಾನ ಮಾಡೀನಲ್ಲ! ಗುಂಯ್ ಅಂತ ಒಂದ ಸವನ ಹೊಯ್ಕೊಳ್ಳಾಕತ್ತಿತ್ತು. ಕಣ್ಣ ಮುಚ್ಚಾಕ ಬಿಡವಲ್ದು. ಆರ್ಸಿ ಒಗದೆ. ಕರೆಂಟ್‌ರ ಉಳೀತು.”

ಮೇಜಿನ ಸುತ್ತ ನಗು ಎದ್ದಿತು. ಎಂಥ ಅಕ್ಕರೆಯ ನಗು! ಮೊಮ್ಮಗ ಮಡಿಕೆ ಒಡೆದರೆ ನಗುತ್ತಾರಲ್ಲ, ಹಾಗೆ. ಅದೇ ಬಟನ್ನನ್ನು ಆ ಹೆಣ್ಣುಮಗಳು ಒತ್ತಿದ್ದರೆ ಪೊಲೀಸರು ಬರುತ್ತಿದ್ದರು. ಇನ್ನೇನು, ಸತ್ಯ ಹೊರಬಿತ್ತು, ಪತ್ರ ಹರಿಯುತ್ತಾರೆ ಎಂದುಕೊಂಡ ನಾನೇ ಹುಚ್ಚಿ. ಅಧ್ಯಕ್ಷರು ಕನ್ನಡಕ ಸರಿ ಮಾಡಿಕೊಂಡರು.

“ಸಾವ್ಕಾರ್ರು ಹಿರ್‍ಯಾರು, ಅವ್ರಿಗೆ ಏನ್ ಗೊತ್ತಾಗಬೇಕ್ರಿ? ಆಕಿ ಜಾಗಾದಾಗ ಇದ್ದಿದ್ರ, ಆರಿಸಬ್ಯಾಡ್ರಿ ಅಂತಿದ್ಲು. ಇರಲಿಲ್ಲ. ತಪ್ಪು ಅಲ್ಲೈತಿ.”

“ಜಾಗಾ ಬಿಟ್ಟು ಯಾಕ ಹೋಗಿದ್ಲು ಅಂತ ಕೇಳೋರು ಯಾರೂ ಇಲ್ಲೇನ್ರಿ ಇಲ್ಲಿ?” ಎಂದೆ. ಅದಕ್ಕಿಂತ ಮುಂದೆ ಹೋಗಲು ಅವಳ ಮಾತು ನನ್ನನ್ನು ಕಟ್ಟಿಹಾಕಿತ್ತು.

ಯಾರೂ ಕೇಳಲಿಲ್ಲ. ಬದಲಿಗೆ ಒಬ್ಬರಿಗೆ ದಯೆ ಉಕ್ಕಿತು. “ಹೋಗ್ಲಿ ಬಿಡ್ರಿ, ಹೆಣಮಗಳು. ಸಾವ್ಕಾರ್ರ ಕಾಲ ಮುಟ್ಟಿ ತಪ್ಪಾತು ಅನ್ಲಿ. ಕೆಲಸಾ ಇರ್ಲಿ. ತಪ್ಪೊಪ್ಪಿಗಿ ಬರಸ್ಕೊಂಡು ಕಳಸೂಣು.” ಎಲ್ಲರೂ ಹೌದೌದು ಎಂದರು. ತಮ್ಮ ದೊಡ್ಡತನಕ್ಕೆ ತಾವೇ ಮೆಚ್ಚಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವುಕಾರರು ಆಗಲೇ ಕುರ್ಚಿ ತಿರುಗಿಸಿ, ಕಾಲು ಅನುಕೂಲವಾಗಿ ಮುಂದೆ ಚಾಚಿದ್ದರು.

ಅವಳು ಬಾಗಿಲಿನಿಂದ ಮುಂದೆ ಬಂದಳು. ಬಗ್ಗುತ್ತಾಳೆ ಎಂದುಕೊಂಡು ನಾನು ಮುಖ ತಿರುಗಿಸಿದೆ, ನೋಡಲು ಜೀವ ಒಪ್ಪಲಿಲ್ಲ. ಅವಳ ದನಿ ಕೇಳಿ ತಿರುಗಿದರೆ ನೆಟ್ಟಗೆ ನಿಂತೇ ಇದ್ದಳು.

“ತಪ್ಪಾತ್ರಿ ಸಾವ್ಕಾರ್ರ. ಚಾ ತಗೊಂಡ್ ಬಾ ಅಂತ ನೀವು ಹೇಳಿದ್ರಿ, ನಾ ಜಾಗಾ ಬಿಟ್ಟು ಹೋದೆ. ಹೋಗಬಾರದಾಗಿತ್ತು.”

ಚೂಡಾ ಅಗಿಯುವ ಸದ್ದು ನಿಂತಿತು. ಅಧ್ಯಕ್ಷರು ಪತ್ರದ ಮೇಲೆ ಅಂಗೈ ಇಟ್ಟರು, ಅಕ್ಷರ ಮುಚ್ಚಿದರೆ ಮಾತೂ ಮುಚ್ಚುತ್ತದೆ ಎಂಬಂತೆ. ಸಾವುಕಾರರಿಗೆ ಮಾತ್ರ ಏನೂ ತಟ್ಟಲಿಲ್ಲ.

“ಹೌದೌದು, ಈಕಿನ ತಂದಿದ್ಲು. ಸಕ್ರಿ ಚೂರ ಹೆಚ್ಚಾಗಿತ್ತು” ಎಂದರು.

“ಅದನ್ನೂ ಪತ್ರದಾಗ ಬರೀರಿ” ಎಂದೆ ನಾನು. “ಯಾರು ಕಳಿಸಿದ್ರು, ಯಾರು ಆರಿಸಿದ್ರು, ಎಲ್ಲಾ ಬರೀರಿ. ಈಗ ಕೊಡ್ರಿ ಪೆನ್ನು, ಸಹಿ ಮಾಡ್ತೇನಿ.”

ಪೆನ್ನು ಬರಲಿಲ್ಲ. ಅಧ್ಯಕ್ಷರು ಪತ್ರವನ್ನು ಮಡಚಿ ಹರಿದು ಜೇಬಿಗೆ ಹಾಕಿಕೊಂಡು, “ವಿದ್ಯುತ್ ದೋಷ ಅಂತ ಬರೀರಿ ಅಕ್ಕಾರ” ಎಂದರು. ಏನಾಗಿದೆಯೋ ಅದನ್ನೇ ಬರೆಯುತ್ತೇನೆ ಎಂದೆ. ಹಾಗೆಯೇ ಬರೆದೆ: ನಿರ್ದೇಶಕರಾದ ಸಾವುಕಾರರು ಯಂತ್ರ ಆರಿಸಿದರು, ಆಪರೇಟರರ ತಪ್ಪಿಲ್ಲ. ಸಾವುಕಾರರು ಅದನ್ನು ಓದಿಸಿ ಕೇಳಿ, ತಮ್ಮ ಹೆಸರು ಸರ್ಕಾರದವರೆಗೂ ಹೋಗುತ್ತದೆ ಎಂದು ಖುಷಿಪಟ್ಟರು. ಅವಳ ಮಾವನ ಕೆಲಸಕ್ಕೂ ಏನೂ ಆಗಲಿಲ್ಲ. ಅವಮಾನವಾಗಿದೆ ಎಂದು ತಿಳಿಯಲಿಕ್ಕಾದರೂ ಒಂದಿಷ್ಟು ಬುದ್ಧಿ ಬೇಕಲ್ಲ.

ಅವತ್ತಿನ ಸಭೆ ಇನ್ನೂ ಮುಗಿದಿರಲಿಲ್ಲ. ನಿರ್ದೇಶಕರ ವಿಶ್ರಾಂತಿಗೆ ಎಸಿ ಹಾಕಿದ ಬೇರೆ ಕೋಣೆ ಬೇಕೆಂದು ಯಾರೋ ಅಂದರು. ಚರ್ಚೆಯೇ ಇಲ್ಲದೆ ಮಂಜೂರಾಯಿತು. ಮುದ್ದೇಬಿಹಾಳದ ಬ್ಯಾಟರಿ ಎಂದು ನಾನು ಬಾಯಿ ತೆರೆದೆ. “ಮುಂದ ನೋಡೂಣ್ರಿ” ಎಂದರು.

ಅವಳು ಹೊರಡಲು ಬಾಗಿಲಿನತ್ತ ತಿರುಗಿದ್ದಳು. ಸಾವುಕಾರರು ಹಿಂದಿನಿಂದ ಕೂಗಿದರು.

“ಏ ತಂಗಿ, ಹ್ಯಾಂಗೂ ಹೊಂಟೀದಿ, ಎಲ್ಲಾರಿಗೂ ಒಂದೊಂದು ಚಾ ಹೇಳಿ ತಗೊಂಡ್ ಬಂದಬಿಡವಾ.”

ಅವಳು ನಿಂತಳು.

“ಆಗಂಗಿಲ್ರಿ. ನಾ ಜಾಗಾ ಬಿಟ್ಟು ಹೋಗಂಗಿಲ್ಲ” ಎಂದು ಹೇಳಿ, ಎದುರಿನ ಸರ್ವರ್ ಕೋಣೆಗೆ ಹೋದಳು. ಬಾಗಿಲಿಗೆ ಅಡ್ಡವಿಟ್ಟಿದ್ದ ಕಲ್ಲನ್ನು ಕಾಲಿನಿಂದ ಹೊರಗೆ ದೂಡಿ, ಒಳಗಿನಿಂದ ಬಾಗಿಲು ಹಾಕಿಕೊಂಡಳು.