ಉಣ್ಣದ ಮರಿಗೆ ಬೆನ್ನು ಮಾಡಿ

ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸಲೆಂದು ನಾನು ಕೊಂಡ ಬಾಟಲಿ ಈಗ ನನ್ನದಾಗಿ ಉಳಿದಿಲ್ಲ. ಅಡಿಲೇಡಿನ ಬೇಸಿಗೆಯ ಒಣಗಾಳಿ ಮಾಡ್ಬರಿ ಬಡಾವಣೆಯ ನಮ್ಮ ಮನೆಯ ಕಿಟಕಿಗಳನ್ನು ಕಾಯಿಸಿ ತಣ್ಣಗಾಗುವ ಹೊತ್ತಿಗೆ ಮಗಳು ಅನಘಾ ಅದನ್ನೆತ್ತಿಕೊಂಡು, ಮನೆಯಲ್ಲೇ ಅತಿ ತಂಪಾಗಿರುವ, ಬಟ್ಟೆ ಒಗೆಯುವ ಕೋಣೆಗೆ ಹೋಗುತ್ತಾಳೆ. ಅಲ್ಲಿ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಕಿರುಬೆರಳಿನಷ್ಟೇ ಇರುವ ಎರಡು ಹಲ್ಲಿಮರಿಗಳಿವೆ. ಮೈ ಮರದ ತೊಗಟೆಯ ಚೂರು, ಬಾಲ ಒಣಗಿದ ಎಲೆಯಂತೆ ಚಪ್ಪಟೆ. ಗಾಜಿನ ಮೇಲೆ ಕೂತ ಹನಿಯನ್ನು ಅವು ನೆಕ್ಕುವುದನ್ನು ನೋಡಿದರೆ ನಿಮ್ಮ ಬಾಯಾರಿಕೆಯೂ ತಣಿದೀತು, ಗೆಳೆಯರೇ.

ವಿಷಯ ತಿಳಿದ ದಿನ ಮೈಸೂರಿನಲ್ಲಿರುವ ಅಮ್ಮ ವಿಡಿಯೊ ಕರೆಯಲ್ಲಿ ನಕ್ಕಿದ್ದಳು. "ಹಲ್ಲಿ ಕಂಡ್ರೆ ಪೊರಕೆ ಹಿಡ್ಕೊಂಡು ಮಂಚ ಹತ್ತುತಿದ್ದೋಳು, ಅಲ್ಲಿ ಲೈಸೆನ್ಸ್ ಮಾಡಿಸಿ ಸಾಕ್ತಿದ್ದೀಯಲ್ಲೇ." ಮಂಚ ಹತ್ತುತ್ತಿದ್ದವನು ತಮ್ಮ, ನಾನಲ್ಲ ಎಂದು ನನ್ನ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪಕ್ಷವನ್ನೇ ವಹಿಸುವುದನ್ನು ಕಂಡವಳಾದ್ದರಿಂದ ವಾದಕ್ಕೆ ಇಳಿಯಲಿಲ್ಲ.

ಮೊಟ್ಟೆಯಿಟ್ಟದ್ದು ಪರವಾನಗಿ ಪಡೆದು ಬ್ರಿಸ್ಬೇನಿನಿಂದ ತರಿಸಿದ ಹಲ್ಲಿಜೋಡಿ. ಮೊಟ್ಟೆ ಮಗುಚಿದರೆ ಒಳಗಿನ ಜೀವಕ್ಕೆ ಅಪಾಯವೆಂದು ಅನಘಾ ಅವುಗಳ ನೆತ್ತಿಗೆ ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಇದ್ದ ಭಂಗಿಯಲ್ಲೇ ಎತ್ತಿ, ತೇವದ ಪುಡಿಯಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಕಾದಳು. ಹೊರಬಂದ ಮರಿಗಳು ಮೊದಲು ತಮ್ಮ ಪೊರೆ ಕಳಚಿ ಅದನ್ನೇ ನುಂಗಿದವು. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಬುತ್ತಿಯಿರುವ ತನಕ ಅವಕ್ಕೆ ಬೇರೆ ಊಟ ಬೇಡವಂತೆ. ಬುತ್ತಿ ಮುಗಿದ ಮೇಲೆ ದೊಡ್ಡದು ಹುಳು ಹಿಡಿಯಿತು. ಸಣ್ಣದು ಹಿಡಿಯಲಿಲ್ಲ. ಅದರ ಸೊಂಟದ ಮೂಳೆ ಕಾಣತೊಡಗಿತು.

ಇದೇ ಮಗಳನ್ನು, ಕೈಯಲ್ಲಿ ತುತ್ತು ಹಿಡಿದು ಮನೆಯಿಡೀ ಅಟ್ಟಿಸಿಕೊಂಡು ಹೋಗಿ ಉಣ್ಣಿಸಿ ಬೆಳೆಸಿದವಳು ನಾನು. ಉಣ್ಣದ ಬಾಯಿ ಕಂಡರೆ ನನ್ನ ಕೈ ಸುಮ್ಮನಿರದು. ಒಂದು ಸಂಜೆ ಚಿಮಟದ ತುದಿಯಲ್ಲಿ ಹುಳು ಹಿಡಿದು ಮರಿಯ ಮೂತಿಗೆ ಒಡ್ಡಲು ಬಗ್ಗಿದ್ದೆ.

"ಅಮ್ಮ, ಡೋಂಟ್. ಇಟ್ ವಿಲ್ ಡ್ರಾಪ್ ಇಟ್ಸ್ ಟೇಲ್," ಎಂದಳು ಅನಘಾ, ಬಾಗಿಲಿನಿಂದಲೇ.

ಹೆದರಿದರೆ ಬಾಲ ಉದುರಿಸುತ್ತದೆ. ಬಡಕಲು ಮರಿಗೆ, ಕೊಬ್ಬು ಕೂಡಿಟ್ಟುಕೊಂಡ ಆ ಬಾಲವೇ ಉಳಿದ ಕಸುವು. ನೀನು ಹೀಗೆ ಮುಖದ ಮೇಲೇ ಬಗ್ಗಿ ನಿಂತರೆ ಯಾರಿಗೆ ತಾನೇ ಊಟ ಸೇರುತ್ತದೆ ಎಂದೂ ಇಂಗ್ಲಿಷಿನಲ್ಲೇ ಸೇರಿಸಿದಳು. ಬಹುಶಃ ಅದು ಮರಿಯ ಕುರಿತ ಮಾತು ಮಾತ್ರವಾಗಿರಲಿಲ್ಲ. ನೀರು ಚಿಮುಕಿಸಿ, ನಾಲ್ಕಾರು ಹುಳು ಬಿಟ್ಟು, ಗಾಜಿಗೆ ಟವೆಲ್ ಹೊದಿಸಿ ಹೊರಟಳು. ಅವಳ ಹಿಂದೆಯೇ ನಾನೂ ಹೊರಟೆ. ಅಂದೂ ಮರುದಿನವೂ ಆ ಕೋಣೆಗೆ ಬೆನ್ನು ಮಾಡಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಚಪಾತಿ ಹಿಟ್ಟು ನಾದಿದೆ. ಅದು ಸಂಯಮವೋ, ಮಗಳ ಭಯವೋ, ಈಗಲೂ ಹೇಳಲಾರೆ.

ಅದರಾಚೆಯ ಬೆಳಿಗ್ಗೆ ಸಣ್ಣ ಮರಿಯ ಪೆಟ್ಟಿಗೆಯ ತಳದಲ್ಲಿ ಬಿಳಿ ತುದಿಯ ಕರಿಕಾಳಿನಂಥ ಹಿಕ್ಕೆಯೊಂದು ಬಿದ್ದಿತ್ತು. ಮರಿ ಉಂಡದ್ದಕ್ಕೆ ಗುರುತೆಂದು ಅನಘಾ ಅದನ್ನು ಚಿನ್ನದ ತುಣುಕಿನಂತೆ ನನಗೆ ತೋರಿಸಿದಳು. ಮಗಳನ್ನು ಬಾಚಿ ತಬ್ಬಿಕೊಂಡೆ, ಅವಳ ಪರೀಕ್ಷೆಯ ಅಂಕಗಳೂ ನನ್ನನ್ನು ಇಷ್ಟು ಬೀಗಿಸಿರಲಿಲ್ಲ. ಮರಿ ಛಕ್ಕನೆ ಹುಳು ಹಿಡಿದ ದೃಶ್ಯವೊಂದು ನನ್ನ ನೆನಪಿನಲ್ಲಿ ಆಗಲೇ ತಯಾರಾಗುತ್ತಿದೆ. ಅದನ್ನು ನಂಬಬೇಡಿ, ನಾನಲ್ಲಿ ಇರಲಿಲ್ಲ.

ಹಿಕ್ಕೆಯ ಫೋಟೊವನ್ನು ಅಮ್ಮನಿಗೆ ಕಳಿಸಿದೆ. ಇದೇನೇ ಎಂದು ಕರೆ ಮಾಡಿದಳು. ಸಣ್ಣದು ಊಟ ಮಾಡಿದೆ ಎಂದೆ. ಪೊರಕೆಯ ಮಾತು ಬರುತ್ತದೆಂದು ಕಾದೆ.

"ಎಷ್ಟು ತಿಂತೇ?" ಎಂದಳು.

"ನೋಡ್ಲಿಲ್ಲಮ್ಮ," ಎಂದೆ, ತಲೆ ಎತ್ತಿ.