ನೌನ್ ಮೇಷ್ಟ್ರು

ನಮ್ಮ ಭಾವನಿಗೆ ಇಂಗ್ಲಿಷ್ ಗ್ರಾಮರ್ ಬಿಟ್ಟರೆ ಬೇರೇನೂ ತಿಳಿಯದು. ಬಲ್ಬ್ ಬದಲಾಯಿಸಲಿಕ್ಕೂ ಅಕ್ಕನೇ ಸ್ಟೂಲು ಹತ್ತಬೇಕು. ಆದರೆ ನೌನು, ವರ್ಬು, ಅಡ್ಜೆಕ್ಟಿವ್ ಅಂತ ಶುರು ಹಚ್ಚಿಕೊಂಡರೆ ಎಂಥ ಮೊದ್ದು ತಲೆಗೂ ಇಳಿಸಿಬಿಡುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವರ ಟ್ಯೂಷನ್, ಹಿಂದಿನದರಲ್ಲಿ ಅಕ್ಕನ ಹೊಲಿಗೆ ಮೆಷಿನ್ನು. "ಮೊದ್ಲು ನೌನ್ ಹಿಡೀರಿ. ಹೆಸರೇ ಗೊತ್ತಿಲ್ದೆ ಯಾರನ್ನ ಕರೀತೀರಿ?" ಎಂಬುದು ಅವರ ಮೊದಲ ಪಾಠ. ಹಾಗಾಗಿ ನೌನ್ ಮೇಷ್ಟ್ರು ಎಂದೇ ಹೆಸರುವಾಸಿ. ಬೇರೆ ಗಂಡಂದಿರು 'ಏ, ಇವಳೇ' ಎಂದರೆ, ಇವರು ಅಕ್ಕನನ್ನು ಹೆಸರು ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಅಕ್ಕ ಗೊಣಗುತ್ತಲೇ ಒಳಗೊಳಗೆ ಹಿಗ್ಗುತ್ತಿದ್ದಳು.

ಪಾಠ ಮಾಡುತ್ತಿದ್ದಾಗಲೇ ಸ್ಟ್ರೋಕ್ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿದವು, ಮಾತೂ ಬಂತು. ಹೆಸರುಗಳು ಮಾತ್ರ ಬರಲಿಲ್ಲ. ಲೋಟ ತೋರಿಸಿ "ಅದು... ಕುಡಿಯೋದು" ಅನ್ನುವರು. ಅಕ್ಕ ತಮಾಷೆ ಅಂದುಕೊಂಡು ರೇಗಿದಳು. ಕೆಲವರಿಗೆ ಹೀಗೆ ಹೆಸರುಗಳೇ ಕೈಕೊಡುತ್ತವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನೌನ್ ಮೇಷ್ಟ್ರಿಗೇ ಹೀಗಾಗಬೇಕೆ? ದೇವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕ ಮೆಷಿನ್ ಬಿಟ್ಟು ತಾನೇ ಪಾಠಕ್ಕೆ ಕೂತಳು. ಒಂದೊಂದೇ ಸಾಮಾನು ಎತ್ತಿ ಹಿಡಿದು "ಇದೇನ್ಮಾಡುತ್ತೆ, ಹೇಳಿ" ಎನ್ನುವಳು. ಮಾಡುವ ಕೆಲಸದ ಬೆನ್ನಿಗೆ ಹೆಸರೂ ಬಂದೀತೆಂಬ ಆಸೆ. "ಕತ್ತರಿಸುತ್ತೆ" ಎಂದವರು ಒಂದು ದಿನ "ಕತ್ತರಿ" ಎಂದೂ ಅಂದರು. ಪ್ರತಿ ಸಲ ಕೊನೆಗೆ ಅಕ್ಕ ತನ್ನ ಎದೆ ಮುಟ್ಟಿಕೊಂಡು ಕಾಯುವಳು. ಭಾವನ ತುಟಿ ಅಲುಗುವುದು, ಕಣ್ಣು ತುಂಬುವುದು. "ಇರ್ಲಿ ಬಿಡಿ, ನಾಳೆ ನೋಡೋಣ" ಎಂದು ಎದ್ದುಹೋಗುವಳು.

ಒಮ್ಮೆ ಡಾಕ್ಟರಮ್ಮ ಅಕ್ಕನ ಕಡೆ ಕೈತೋರಿ, "ಇವರು ಯಾರು ಮೇಷ್ಟ್ರೇ?" ಎಂದರು. ಭಾವ ಬಹಳ ಹೊತ್ತು ಒದ್ದಾಡಿದರು.

"ಹೊಲೀತಾಳೆ," ಎಂದರು. "ಬೈತಾಳೆ. ತಿನ್ನಿಸ್ತಾಳೆ. ಬಿಟ್ಟು ಹೋಗಲ್ಲ."

"ಇದಕ್ಕಿಂತ ಇನ್ನೇನಮ್ಮ ಬೇಕು?" ಎಂದರು ಡಾಕ್ಟರಮ್ಮ. ಅಕ್ಕ ನಕ್ಕಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು, "ಎಲ್ಲ ಸರಿ ಕಣೋ. ಆದ್ರೆ ನಂಗೆ ಹೆಸರೇ ಬೇಕಿತ್ತು" ಎಂದಳು.

ಆ ವರ್ಷವೇ ಎರಡನೇ ಸ್ಟ್ರೋಕಿಗೆ ಭಾವ ತೀರಿಕೊಂಡರು. ಹೆಸರು ಬರಲೇ ಇಲ್ಲ.

ಹೊಲಿಸಲು ಬರುವವರು ಅಕ್ಕನನ್ನು ಟೈಲರಮ್ಮ ಅನ್ನುತ್ತಾರೆ, ಪಕ್ಕದ ಮನೆಯವರು ಆಂಟಿ ಅನ್ನುತ್ತಾರೆ. ಮೊನ್ನೆ ಬಟ್ಟೆ ಮಡಚುತ್ತ, "ಒಂದ್ಸಲ ನೀನಾದ್ರೂ ನನ್ನ ಹೆಸರು ಹಿಡಿದು ಕರಿಯೋ" ಎಂದಳು. ಬಾಯಿ ತೆರೆದೆ. ಮಾತು ಕಲಿತಾಗಿನಿಂದ ಅವಳನ್ನು ಹೆಸರಿನಿಂದ ಕರೆದವನಲ್ಲ. ನಾಲಿಗೆ ಹೊರಳಲೇ ಇಲ್ಲ.

"ಅಕ್ಕ," ಎಂದೆ.